ದಾನ ಕೊಟ್ಟ ಪ್ಯಾಂಕ್ರಿಯಾಸ್ ಎಲ್ಲಿ ಹೋಯಿತು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಹಾರಾಷ್ಟ್ರ ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನಾನು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್. ರೋಗಿಯ ಮಿದುಳು ಸತ್ತಿದೆ ಎಂದು ಡಾಕ್ಟರುಗಳು ಖಚಿತಪಡಿಸಿದ ಮೇಲೆ, ಮನೆಯವರ ಜೊತೆ ಕೂತು ಅಂಗಾಂಗ ದಾನದ ಮಾತು ತೆಗೆಯುವ ಕೆಲಸ ನನ್ನದು. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಡೊಂಬಿವಲಿಯಿಂದ ಅಂಧೇರಿವರೆಗಿನ ಕನ್ನಡದ ಮನೆಗಳೂ ಇದನ್ನು ಓದಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂಗ ಕೊಟ್ಟವರಲ್ಲೂ ಅವರಿದ್ದಾರೆ, ಅಂಗಕ್ಕಾಗಿ ಕಾಯುತ್ತಿರುವವರಲ್ಲೂ ಅವರಿದ್ದಾರೆ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ದಾನವಾಗಿ ಸಿಗುವ ಪ್ಯಾಂಕ್ರಿಯಾಸ್‌ನಿಂದ (ಮೇದೋಜೀರಕ ಗ್ರಂಥಿಯಿಂದ) ಇನ್ಸುಲಿನ್ ಮಾಡುವ ಐಲೆಟ್ ಕೋಶಗಳನ್ನು ಬೇರ್ಪಡಿಸುವ ಸರ್ಕಾರಿ ಲ್ಯಾಬ್ ಒಂದು ನಮ್ಮ ರಾಜ್ಯಕ್ಕೆ ಬೇಕು. ಊರಿಗೊಂದು ಬೇಡ, ಒಂದೇ ಸಾಕು.

ಯಾಕೆ ಅಂತ ಹೇಳುತ್ತೇನೆ. ಫಾರಂ 8ರಲ್ಲಿ ಯಾವ ಯಾವ ಅಂಗ ಕೊಡುತ್ತೇವೆ ಎಂದು ಮನೆಯವರು ಒಪ್ಪಿಗೆ ಕೊಡಬೇಕು. ಒಮ್ಮೆ ಕುಂದಾಪುರ ಕಡೆಯ ಒಬ್ಬರು ತಮ್ಮನ ಪರವಾಗಿ ಸಹಿ ಹಾಕಲು ಕೂತಿದ್ದರು. ತಮ್ಮ ಇಲ್ಲಿನ ಹೋಟೆಲಿನಲ್ಲಿ ಕ್ಯಾಶಿಯರ್. ವಯಸ್ಸು ನಲವತ್ತು ದಾಟಿತ್ತು, ಸ್ವಲ್ಪ ದಪ್ಪ ಆಳು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. "ಎಲ್ಲ ಬರ್ಕೊಳ್ಳಿ ಮೇಡಂ," ಅಂದರು. ಪೆನ್ನು ಹಿಡಿದವರು ಅಲ್ಲೇ ನಿಂತು, "ಈ ಪ್ಯಾಂಕ್ರಿಯಾಸ್ ಅಂದ್ರೆ ಯಾವುದು? ಅದು ಯಾರಿಗೆ ಹೋಗುತ್ತೆ?" ಎಂದು ಕೇಳಿದರು. ಅಂಗೈಯನ್ನು ಹೊಟ್ಟೆಯ ಮೇಲ್ಭಾಗಕ್ಕೆ ಅಡ್ಡ ಇಟ್ಟು ತೋರಿಸಿದೆ. ಶುಗರ್ ಇದ್ದವರಿಗೆ ಉಪಯೋಗಕ್ಕೆ ಬರುತ್ತದೆ ಅಂದೆ. ಅವರು ತಲೆಯಾಡಿಸಿ ಸಹಿ ಹಾಕಿದರು. ಆ ರಾತ್ರಿ ಲಿವರ್, ಎರಡು ಕಿಡ್ನಿ, ಎರಡು ಕಣ್ಣು ಹೊರಟವು. ಪ್ಯಾಂಕ್ರಿಯಾಸ್‌ಗೆ ಮಾತ್ರ ಯಾರೂ ಬರಲಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ಇಡೀ ಪ್ಯಾಂಕ್ರಿಯಾಸ್ ಕಸಿ ಮಾಡುವುದು ದೊಡ್ಡ ಆಪರೇಷನ್. ಅದಕ್ಕೆ ವಯಸ್ಸು ಚಿಕ್ಕದಿರುವ, ತೆಳ್ಳಗಿರುವ ದಾನಿ ಬೇಕು. ಕೊಬ್ಬು ತುಂಬಿದ ಪ್ಯಾಂಕ್ರಿಯಾಸನ್ನು ಸರ್ಜನ್‌ಗಳು ಮುಟ್ಟುವುದಿಲ್ಲ. ಆದರೆ ಐಲೆಟ್ ತೆಗೆಯಲು ಅಂಥದ್ದೇ ಒಳ್ಳೆಯದು. ದಪ್ಪಗಿದ್ದ ದಾನಿಗಳಿಂದ ಐಲೆಟ್ ಜಾಸ್ತಿ ಸಿಗುತ್ತವೆ. ಒಂದು ಕೆಲಸಕ್ಕೆ ಬೇಡವಾದದ್ದು ಇನ್ನೊಂದಕ್ಕೆ ಬೇಕೇ ಬೇಕು. ಆ ಇನ್ನೊಂದು ಕೆಲಸ ಮಾಡುವ ಜಾಗವೇ ನಮ್ಮಲ್ಲಿಲ್ಲ.

ಐಲೆಟ್ ಅಂದರೆ ಪ್ಯಾಂಕ್ರಿಯಾಸ್ ಒಳಗೆ ಅಲ್ಲಲ್ಲಿ ಚದುರಿರುವ ಪುಟ್ಟ ಕೋಶಗುಚ್ಛಗಳು. 1869ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಇವನ್ನು ಮೊದಲು ಗುರುತಿಸಿದ. ಒಬ್ಬ ಮನುಷ್ಯನಲ್ಲಿ ಸುಮಾರು 10 ಲಕ್ಷ ಇರುತ್ತವೆ. ಆದರೂ ಎಲ್ಲ ಸೇರಿ ಇಡೀ ಗ್ರಂಥಿಯ ತೂಕದ ನೂರಕ್ಕೆ ಒಂದೆರಡು ಪಾಲು ಅಷ್ಟೆ. ಉಳಿದದ್ದೆಲ್ಲ ಊಟ ಅರಗಿಸುವ ರಸ ಮಾಡುತ್ತದೆ. ಇನ್ಸುಲಿನ್ ಬರುವುದು ಈ ಒಂದೆರಡು ಪಾಲಿನಿಂದ. ಟೈಪ್ 1 ಶುಗರ್ ಇರುವವರಲ್ಲಿ ಇನ್ಸುಲಿನ್ ಮಾಡುವ ಈ ಕೋಶಗಳನ್ನು ದೇಹದ ಕಾವಲು ಪಡೆಯೇ ಕೊಂದುಹಾಕಿರುತ್ತದೆ. ಹಾಗಿದ್ದಾಗ ಪೂರ್ತಿ ಅಂಗ ಯಾಕೆ, ಬೇಕಾದ ಕೋಶಗಳನ್ನಷ್ಟೇ ಕೊಟ್ಟರೆ ಸಾಲದೇ?

ಸಾಲುತ್ತದೆ. ಆದರೆ ಅವನ್ನು ಬಿಡಿಸಿ ತೆಗೆಯುವುದೇ ಕಷ್ಟ. ಗ್ರಂಥಿಯ ನಾಳಕ್ಕೆ ಸಣ್ಣ ಕೊಳವೆ ಹಾಕಿ ಕೊಲಾಜಿನೇಸ್ ಎಂಬ ಕಿಣ್ವದ ದ್ರವ ತುಂಬುತ್ತಾರೆ. ಅದು ಒಳಗಿನ ಅಂಟನ್ನು ಕರಗಿಸುತ್ತದೆ. ಆಮೇಲೆ ತುಂಡು ಮಾಡಿ ಒಂದು ಲೋಹದ ಡಬ್ಬಕ್ಕೆ ಹಾಕುತ್ತಾರೆ. ಕಮಿಲ್ಲೊ ರಿಕಾರ್ಡಿ 1988ರಲ್ಲಿ ಈ ವಿಧಾನ ಕೊಟ್ಟರು, ಡಬ್ಬಕ್ಕೂ ಅವರದೇ ಹೆಸರು. ಒಳಗೆ ಗುಂಡುಗಳಿರುತ್ತವೆ, 37 ಡಿಗ್ರಿ ಬಿಸಿಯ ದ್ರವ ಹರಿಯುತ್ತಿರುತ್ತದೆ, ಡಬ್ಬವನ್ನು ಅಲುಗಾಡಿಸುತ್ತಿರಬೇಕು. ನಡುನಡುವೆ ಒಂದೆರಡು ಹನಿ ತೆಗೆದು ಡಿಥಿಜೋನ್ ಎಂಬ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಐಲೆಟ್‌ಗಳು ಮಾತ್ರ ಕೆಂಪಾಗುತ್ತವೆ. ಸುತ್ತಲಿನ ಮಾಂಸದಿಂದ ಬಿಡಿಸಿಕೊಂಡವೋ ಇಲ್ಲವೋ ಎಂದು ನೋಡಿ, ಸರಿಯಾದ ಗಳಿಗೆಗೆ ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ಬಿಟ್ಟುಬರುವುದಿಲ್ಲ, ತಡವಾದರೆ ಐಲೆಟ್ಟೇ ಒಡೆದುಹೋಗುತ್ತದೆ. ಪಳಗಿದ ಕೈಗಳಿಗೂ ಎಷ್ಟೋ ಸಲ ಸಾಕಷ್ಟು ಸಿಗುವುದಿಲ್ಲ.

ಸಿಕ್ಕಿತು ಅನ್ನಿ. ಮುಂದಿನದು ಸುಲಭ. ರೋಗಿಯ ಹೊಟ್ಟೆ ಕೊಯ್ಯಬೇಕಿಲ್ಲ. ಲಿವರ್‌ಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳಕ್ಕೆ ಚರ್ಮದ ಮೂಲಕವೇ ಸಣ್ಣ ನಳಿಕೆ ಹಾಕಿ, ಚೀಲದಲ್ಲಿರುವ ದ್ರವವನ್ನು ಸಲೈನ್ ಹಾಗೆ ಇಳಿಸುತ್ತಾರೆ. ಐಲೆಟ್‌ಗಳು ಲಿವರ್‌ನಲ್ಲೇ ಮನೆ ಮಾಡಿಕೊಂಡು ಇನ್ಸುಲಿನ್ ಕೊಡತೊಡಗುತ್ತವೆ.

2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪಿರೊ ಅವರ ತಂಡ ಏಳು ಜನರಿಗೆ ಹೀಗೆ ಮಾಡಿತು. ಏಳೂ ಜನ ಇನ್ಸುಲಿನ್ ಬಿಟ್ಟರು. ಪ್ರಪಂಚವೆಲ್ಲ ಹಬ್ಬ ಮಾಡಿತು. 2006ರ ಹೊತ್ತಿಗೆ ಬೇರೆ ಬೇರೆ ದೇಶಗಳ 36 ಜನರ ಫಲಿತಾಂಶ ಬಂದಾಗ, ಒಂದು ವರ್ಷದ ನಂತರ ಇನ್ಸುಲಿನ್ ಇಲ್ಲದೆ ಇದ್ದವರು 16 ಜನ ಮಾತ್ರ. ಎರಡು ವರ್ಷಕ್ಕೆ ಆ ಹದಿನಾರರಲ್ಲಿ ಐದೇ ಉಳಿದರು. ಇದನ್ನು ಮುಚ್ಚಿಟ್ಟು ನಿಮ್ಮಲ್ಲಿ ಲ್ಯಾಬ್ ಕೇಳುವುದು ಸರಿಯಲ್ಲ.

ಆದರೆ ಇನ್ಸುಲಿನ್ ಬಿಟ್ಟರೋ ಇಲ್ಲವೋ ಎಂಬುದೊಂದೇ ಅಳತೆ ಅಲ್ಲ. ವರ್ಷಗಟ್ಟಲೆ ಟೈಪ್ 1 ಇದ್ದ ಕೆಲವರಿಗೆ ಶುಗರ್ ಲೋ ಆಗುವುದೇ ಗೊತ್ತಾಗುವುದಿಲ್ಲ. ಬೆವರು ಬರುವುದಿಲ್ಲ, ಕೈ ನಡುಗುವುದಿಲ್ಲ, ನೇರವಾಗಿ ಎಚ್ಚರ ತಪ್ಪುತ್ತದೆ. ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತಾಗ ಹೀಗಾದರೆ? ಇಂಥವರಿಗೆ ಬೇಕಾದದ್ದು ಆ ಹೆದರಿಕೆ ಇಲ್ಲದ ಬದುಕು. 2016ರಲ್ಲಿ ಪ್ರಕಟವಾದ ಅಮೆರಿಕ, ಕೆನಡಾಗಳ ಒಂದು ಅಧ್ಯಯನದಲ್ಲಿ 48 ಜನರಿಗೆ ಐಲೆಟ್ ಹಾಕಲಾಗಿತ್ತು. ಒಂದು ವರ್ಷಕ್ಕೆ 42 ಜನ ಶುಗರ್ ಹಿಡಿತದಲ್ಲಿಟ್ಟುಕೊಂಡು, ಅಪಾಯದ ಲೋ ಇಲ್ಲದೆ ಇದ್ದರು. ಪೂರ್ತಿ ಇನ್ಸುಲಿನ್ ಬಿಟ್ಟವರು ಒಟ್ಟು 48 ಜನರಲ್ಲಿ ಅರ್ಧದ ಆಸುಪಾಸು. ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆ 2008ರಿಂದ ಈ ಚಿಕಿತ್ಸೆಗೆ ದುಡ್ಡು ಕೊಡುತ್ತಿರುವುದು ಮುಖ್ಯವಾಗಿ ಇಂಥವರಿಗಾಗಿ.

ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾಳೆಯಿಂದಲೇ ನನ್ನ ಫೋನು ಬಿಡುವುದಿಲ್ಲ. ಐವತ್ತು ದಾಟಿದ ಮೇಲೆ ಬಂದು ಮಾತ್ರೆಯಲ್ಲಿ ನಿಲ್ಲುವ ಶುಗರ್‌ಗೆ ಇದು ಮದ್ದಲ್ಲ. ನಮ್ಮ ದೇಶದ ಸುಮಾರು 10 ಕೋಟಿ ಮಧುಮೇಹಿಗಳಲ್ಲಿ ಹೆಚ್ಚಿನವರಿಗೆ ಇರುವುದು ಟೈಪ್ 2. ಅವರಿಗೆ ಐಲೆಟ್ ಕಸಿ ಬೇಕಿಲ್ಲ. ಟೈಪ್ 1 ಇರುವ ಎಲ್ಲರಿಗೂ ಬೇಕೆಂದೇನಿಲ್ಲ. ಯಾಕೆಂದರೆ ಹೊಸ ಐಲೆಟ್ ಉಳಿಯಬೇಕಾದರೆ ದೇಹದ ಕಾವಲು ಪಡೆಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್‌ನಂಥ ಮಾತ್ರೆಗಳನ್ನು ನುಂಗುತ್ತಲೇ ಇರಬೇಕು. ಸೋಂಕು ಬೇಗ ತಗಲುತ್ತದೆ, ಕಿಡ್ನಿಗೂ ತೊಂದರೆ. ದಿನಕ್ಕೆ ನಾಲ್ಕು ಸೂಜಿ ತಪ್ಪಿಸಲು ಹೋಗಿ ಇದನ್ನು ತಂದುಕೊಳ್ಳಿ ಎಂದು ಪುಟ್ಟ ಮಗುವಿನ ತಾಯಿಗೆ ನಾನಂತೂ ಹೇಳಲಾರೆ.

ಹಾಗಾದರೆ ಯಾರಿಂದ ಶುರು ಮಾಡಬೇಕು? ಟೈಪ್ 1ರಿಂದಲೇ ಕಿಡ್ನಿ ಹೋಗಿ, ದಾನಿಯ ಕಿಡ್ನಿ ಪಡೆದವರಿಂದ. ಅಂಥ ಒಬ್ಬ ಹುಡುಗನನ್ನು ನಾನು ಫಾಲೋಅಪ್ ಓಪಿಡಿಯಲ್ಲಿ ನೋಡುತ್ತಿರುತ್ತೇನೆ. ಅವನ ಚೀಲದಲ್ಲಿ ಎರಡು ಡಬ್ಬಿ. ಒಂದರಲ್ಲಿ ಹೊಸ ಕಿಡ್ನಿ ಕಾಪಾಡುವ ಮಾತ್ರೆ, ಇನ್ನೊಂದರಲ್ಲಿ ಇನ್ಸುಲಿನ್ ಪೆನ್ನು, ಜೊತೆಗೆ ಗ್ಲೂಕೋಸ್ ಬಿಸ್ಕತ್ತು. "ಮೇಡಂ, ಕಿಡ್ನಿ ಕೊಟ್ಟವರ ಹತ್ರ ಪ್ಯಾಂಕ್ರಿಯಾಸೂ ಇತ್ತಲ್ವಾ? ಅದೆಲ್ಲಿ ಹೋಯ್ತು?" ಎಂದು ಒಂದು ಸಲ ಕೇಳಿಯೇಬಿಟ್ಟ. ತಮಾಷೆಗೆ ಕೇಳಿದ್ದಲ್ಲ. ಅವನು ಆ ಮಾತ್ರೆ ಹೇಗೂ ನುಂಗುತ್ತಿದ್ದಾನೆ. ಐಲೆಟ್ ಹಾಕಿದರೆ ಮಾತ್ರೆಯ ಹೊರೆ ಹೊಸದಾಗಿ ಬರುವುದಿಲ್ಲ. ಈಗ ಆ ಹೊಸ ಕಿಡ್ನಿಯನ್ನೂ ಅದೇ ಹಳೆ ಶುಗರ್ ನಿಧಾನಕ್ಕೆ ತಿನ್ನುತ್ತಿರುತ್ತದೆ. ಕಿಡ್ನಿಗೆ ಅಷ್ಟು ಖರ್ಚು ಮಾಡಿ, ಅದನ್ನು ಕೆಡಿಸುವ ಕಾಯಿಲೆಯನ್ನು ಹಾಗೇ ಬಿಟ್ಟರೆ ಹೇಗೆ, ಸಾಹೇಬರೇ?

ಒಂದೇ ಲ್ಯಾಬ್ ಸಾಕು ಎಂದು ಸುಮ್ನೆ ಹೇಳಿದ್ದಲ್ಲ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಆಸ್ಪತ್ರೆಗಳು 1999ರಲ್ಲಿ ಒಂದು ಜಾಲ ಕಟ್ಟಿಕೊಂಡವು. ಪ್ಯಾಂಕ್ರಿಯಾಸ್ ಜಿನೀವಾದ ಲ್ಯಾಬಿಗೆ ಹೋಗುತ್ತಿತ್ತು, ಐಲೆಟ್‌ಗಳು ಅಲ್ಲಿಂದ ಲಿಯಾನ್, ಗ್ರೆನೋಬಲ್‌ನಂಥ ಊರುಗಳಿಗೆ ಬರುತ್ತಿದ್ದವು. ನಡುವೆ ದೇಶದ ಗಡಿ ಬೇರೆ. ಮುಂಬಯಿ–ಪುಣೆ ನಡುವೆ ನೂರೈವತ್ತು ಕಿಲೋಮೀಟರು, ಎಕ್ಸ್‌ಪ್ರೆಸ್‌ವೇ ಇದೆ, ಹೃದಯ ಸಾಗಿಸಲು ಗ್ರೀನ್ ಕಾರಿಡಾರ್ ಮಾಡಿ ಪೊಲೀಸರಿಗೆ ರೂಢಿಯಾಗಿದೆ. ಪ್ಯಾಂಕ್ರಿಯಾಸ್ ಹೃದಯದಷ್ಟು ಆತುರ ಮಾಡುವುದಿಲ್ಲ. ತಣ್ಣಗಿಟ್ಟು ಎಂಟು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿದರೆ ನಡೆಯುತ್ತದೆ. ಗೋವಾದವರೂ ಬೇಕಾದರೆ ಸೇರಿಕೊಳ್ಳಬಹುದು. ಅಂಗಾಂಗ ಹಂಚಿಕೆಯಲ್ಲಿ ಅವರೂ ನಮ್ಮ ಪಶ್ಚಿಮ ವಲಯದವರೇ.

ನನ್ನ ಕೇಳಿದರೆ ಲ್ಯಾಬ್ ಪುಣೆಯಲ್ಲಿರಲಿ. ಗಣೇಶಖಿಂಡದ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ರಮೇಶ್ ಭೋಂಡೆಯವರ ತಂಡ ವರ್ಷಗಟ್ಟಲೆ ಐಲೆಟ್‌ಗಳ ಮೇಲೆ ಕೆಲಸ ಮಾಡಿತ್ತು. ಐಲೆಟ್ ಬೇರ್ಪಡಿಸುವುದು, ಶೈತ್ಯದಲ್ಲಿ ಕಾಪಿಡುವುದು, ಕಾಂಡಕೋಶದಿಂದ (ಸ್ಟೆಮ್ ಸೆಲ್‌ನಿಂದ) ಹೊಸದು ಬೆಳೆಸುವುದು ಎಲ್ಲ ನಡೆದಿತ್ತು. ಅದು ಸಂಶೋಧನೆ, ರೋಗಿಗೆ ಕೊಡುವ ಚಿಕಿತ್ಸೆಯಲ್ಲ, ನಿಜ. ಆದರೆ ಈ ವಿದ್ಯೆ ಪುಣೆಗೆ ಹೊಸದಲ್ಲ. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಪ್ಯಾಂಕ್ರಿಯಾಸ್ ಊತದಿಂದ ನರಳುವವರ ಗ್ರಂಥಿ ತೆಗೆದು, ಅವರದೇ ಐಲೆಟ್‌ಗಳನ್ನು ಅವರಿಗೇ ವಾಪಸ್ ಹಾಕಿದ್ದಾರೆ. ನಮ್ಮ ಹುಡುಗರು ಕಲಿಯಲು ಜಿನೀವಾಕ್ಕೇ ಹೋಗಬೇಕಿಲ್ಲ.

ನಿಮ್ಮ ಅಧಿಕಾರಿಗಳು ಒಂದು ಅಡ್ಡ ಪ್ರಶ್ನೆ ಹಾಕಬಹುದು: ಲ್ಯಾಬಿನಲ್ಲೇ ಕಾಂಡಕೋಶದಿಂದ ಐಲೆಟ್ ಬೆಳೆಸುವ ಕಾಲ ಬಂತಲ್ಲ, ದಾನಿಗಳನ್ನು ಯಾಕೆ ನೆಚ್ಚಿಕೊಳ್ಳಬೇಕು? ಬಂದಿದೆ, ಸಂತೋಷ. ವರ್ಟೆಕ್ಸ್ ಎಂಬ ಔಷಧ ಕಂಪನಿ ಕಾಂಡಕೋಶದಿಂದ ಬೆಳೆಸಿದ ಜಿಮಿಸ್ಲೆಸೆಲ್ ಎಂಬ ಐಲೆಟ್‌ಗಳ ಪ್ರಯೋಗದಲ್ಲಿ ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು ಎಂದು 2025ರಲ್ಲಿ ವರದಿಯಾಯಿತು. ಆದರೆ ಅದನ್ನೂ ಪೋರ್ಟಲ್ ರಕ್ತನಾಳಕ್ಕೇ ಇಳಿಸಬೇಕು, ಅವೇ ಮಾತ್ರೆ ನುಂಗಬೇಕು. ಆ ಚಿಕಿತ್ಸೆ ನಾಳೆ ಇಲ್ಲಿಗೆ ಬಂದರೂ ಇಳಿಸುವ ಕೈ, ಪರೀಕ್ಷಿಸುವ ಕ್ಲೀನ್ ರೂಮ್, ಆಮೇಲೆ ನೋಡಿಕೊಳ್ಳುವ ತಂಡ ಬೇಕಲ್ವಾ? ಈಗಲೇ ಪಳಗಿಸಿದರೆ ಆಗ ಸಿದ್ಧರಿರುತ್ತಾರೆ. ಕಂಪನಿಯವರು ಹೇಳಿದ ರೇಟಿಗೆ ಕೈಕಟ್ಟಿ ನಿಲ್ಲುವುದೂ ತಪ್ಪುತ್ತದೆ.

ಈ ಆಸೆಯನ್ನೇ ಬಂಡವಾಳ ಮಾಡಿಕೊಂಡು "ಸ್ಟೆಮ್ ಸೆಲ್‌ನಿಂದ ಶುಗರ್ ಮಾಯ" ಎಂದು ಲಕ್ಷಗಟ್ಟಲೆ ಕೀಳುವವರೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಶುಗರ್‌ಗೆ ಅಂಥ ಚಿಕಿತ್ಸೆ ಕೊಡುವಂತಿಲ್ಲ. ಅವರ ಬೋರ್ಡು ಇಳಿಸುವ ಕೆಲಸವೂ ನಿಮ್ಮ ಇಲಾಖೆಯದ್ದೇ.

ಇನ್ನು ಕಾನೂನು. ದಾನಿಯ ಐಲೆಟ್ ಅಂಗಾಂಶವೋ, ಔಷಧವೋ? ಅಮೆರಿಕದವರು ಔಷಧ ಎಂದರು. ಲೈಸೆನ್ಸ್ ಸಿಗುವ ಹೊತ್ತಿಗೆ 2023 ಆಗಿತ್ತು, ಅಷ್ಟರಲ್ಲಿ ಅಲ್ಲಿ ಈ ಕಸಿ ಹೆಚ್ಚುಕಡಿಮೆ ನಿಂತೇಹೋಗಿತ್ತು. ಕೆನಡಾ, ಬ್ರಿಟನ್‌ಗಳು ಕಸಿಯ ಹಾಗೆಯೇ ನೋಡಿದವು, ಕೆಲಸ ಮುಂದುವರಿಯಿತು. ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಗೆ 2011ರ ತಿದ್ದುಪಡಿಯಲ್ಲಿ ಅಂಗಾಂಶವೂ ಸೇರಿದೆ. ಐಲೆಟ್ ಅದರಡಿಯಲ್ಲೇ ಬರುತ್ತದೆ ಎಂದು ಕೇಂದ್ರದಿಂದ ಲಿಖಿತವಾಗಿ ಸ್ಪಷ್ಟನೆ ತರಿಸಿ. ಇಲ್ಲದಿದ್ದರೆ ಲ್ಯಾಬ್ ಕಟ್ಟಿದ ಮೇಲೆ ಫೈಲು ದೆಹಲಿಯಲ್ಲಿ ಕೂರುತ್ತದೆ.

ಲ್ಯಾಬಿಗೆ ದುಡ್ಡು ಬೇಕು, ಸಮಯವೂ ಬೇಕು. ಮೊದಲ ಹೆಜ್ಜೆಗೆ ಎರಡೂ ಬೇಡ. ಮುಂಬಯಿ, ಪುಣೆ, ನಾಗಪುರ, ಸಂಭಾಜಿನಗರದ ನಾಲ್ಕೂ ವಲಯ ಕಸಿ ಸಮನ್ವಯ ಕೇಂದ್ರಗಳಿಗೆ ಒಂದು ಪತ್ರ ಬರೆಯಿರಿ. ಒಪ್ಪಿಗೆ ಸಿಕ್ಕ ಪ್ರತಿ ದಾನದಲ್ಲೂ ಪ್ಯಾಂಕ್ರಿಯಾಸ್ ತೆಗೆದರೋ ಇಲ್ಲವೋ, ಯಾಕೆ ತೆಗೆಯಲಿಲ್ಲ, ದಾನಿಗೆ ಶುಗರ್ ಇತ್ತೋ, ವಯಸ್ಸು, ತೂಕ ಎಷ್ಟು ಎಂದು ಬರೆದಿಡಲಿ. ನಮ್ಮ ದಾನಿಗಳಲ್ಲೇ ಎಷ್ಟೋ ಜನರಿಗೆ ಶುಗರ್ ಇರುತ್ತದೆ, ಅವರದ್ದು ಕೆಲಸಕ್ಕೆ ಬಾರದು. ಅಂಥವನ್ನು ಕಳೆದು ವರ್ಷಕ್ಕೆ ಎಷ್ಟು ಉಳಿಯುತ್ತವೆ ಎಂಬ ಲೆಕ್ಕ ಮುಂದಿನ ಬಜೆಟ್ ಅಧಿವೇಶನಕ್ಕೆ ಮೊದಲು ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ. ಆ ಸಂಖ್ಯೆ ತೀರಾ ಚಿಕ್ಕದಿದ್ದರೆ ಲ್ಯಾಬಿನ ಬೇಡಿಕೆಯನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಆಸ್ಪತ್ರೆಯ ಕಾಗದಪತ್ರ ಭರ್ತಿ ಮಾಡುವವಳು ನಾನೇ. ನಿಮ್ಮ ನಮೂನೆ ಬಂದ ದಿನದಿಂದಲೇ ತುಂಬಿ ಕಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್
ಡೊಂಬಿವಲಿ