ಟೆಸ್ಟ್ ಬರೆಯುವುದನ್ನೂ ಹೇಳಿಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಶಿಕ್ಷಣ ಪುಟದಲ್ಲಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಲೇಖನಗಳು ಬರುತ್ತಿರುತ್ತವೆ. ಬರೆದ ಕೋಡನ್ನು ಪರೀಕ್ಷಿಸುವುದು ಹೇಗೆ ಎಂಬುದೂ ಬರಲಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾನು ಹುಬ್ಬಳ್ಳಿಯಲ್ಲಿ ಸಹಕಾರ ಸಂಘಗಳಿಗೆ ಬಡ್ಡಿ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇನೆ. ಭಾಷೆ ಸಿ ಶಾರ್ಪ್. ಕೋಡ್ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುವ ಸಣ್ಣ ಕೋಡೇ ಟೆಸ್ಟ್, ಅದನ್ನು ಬರೆದು ಓಡಿಸಲು ಎಕ್ಸ್‌ಯುನಿಟ್ ಎಂಬ ಸಲಕರಣೆ. ಟೆಸ್ಟ್ ಒಂದೇ, ಅದಕ್ಕೆ ಕೊಡುವ ಅಸಲು, ದರ, ದಿನಾಂಕ ಮಾತ್ರ ಬೇರೆ ಬೇರೆ. ಹೀಗೆ 24 ಕೇಸ್ ಇದ್ದವು. ಒಂದು ಸಂಜೆ ಅದು ಫೇಲ್ ಆಯಿತು. ನಾವು ಕೋಡ್ ಬರೆಯುವ ವಿಷುವಲ್ ಸ್ಟುಡಿಯೋದ ಟೆಸ್ಟ್ ಪಟ್ಟಿಯಲ್ಲಿ 24 ಕೇಸ್‌ಗೂ ಸೇರಿ ಒಂದೇ ಹೆಸರು. ತಪ್ಪಿದ ಕೇಸನ್ನಷ್ಟೇ ಓಡಿಸಲು ದಾರಿಯಿಲ್ಲ. ಕೋಡನ್ನು ನಡುವೆ ನಿಲ್ಲಿಸಿ ನೋಡಲು ಬ್ರೇಕ್‌ಪಾಯಿಂಟ್ ಇಟ್ಟರೆ ಪ್ರತಿ ಕೇಸ್‌ಗೂ ನಿಲ್ಲುತ್ತಿತ್ತು.

ಕಾರಣ ಸಣ್ಣದು. ಕೇಸ್‌ನ ವಿವರಗಳನ್ನೆಲ್ಲ 'ಸಾಲ' ಎಂಬ ನಮ್ಮದೇ ಕ್ಲಾಸಿನಲ್ಲಿ, ಅಂದರೆ ನಾವೇ ಮಾಡಿಕೊಂಡ ಡೇಟಾ ಬಗೆಯಲ್ಲಿ, ತುಂಬಿದ್ದೆವು. ಟೆಸ್ಟ್‌ಗಳನ್ನು ಹುಡುಕಿ ಪಟ್ಟಿ ಮಾಡುವುದು ಒಂದು ಹಂತ, ಓಡಿಸುವುದು ಇನ್ನೊಂದು. ನಡುವೆ ಪ್ರತಿ ಕೇಸ್‌ನ ಡೇಟಾವನ್ನು ಅಕ್ಷರರೂಪದಲ್ಲಿ ಬರೆದಿಟ್ಟು, ಮತ್ತೆ ಓದಿಕೊಳ್ಳಬೇಕು. ಇದೇ ಸೀರಿಯಲೈಸ್ ಮಾಡುವುದು. ಸಂಖ್ಯೆ, ಸ್ಟ್ರಿಂಗ್ (ಅಕ್ಷರಗಳ ಸಾಲು), ದಿನಾಂಕ ಆದರೆ ಎಕ್ಸ್‌ಯುನಿಟ್‌ಗೆ ಗೊತ್ತು. ನಮ್ಮ ಕ್ಲಾಸನ್ನು ಹೇಗೆ ಬರೆದಿಡಬೇಕೆಂದು ಅದಕ್ಕೇನು ಗೊತ್ತು? ಹಾಗಾಗಿ ಎಲ್ಲವನ್ನೂ ಒಂದೇ ಗಂಟು ಕಟ್ಟಿತು. ಎಚ್ಚರಿಕೆಯನ್ನೂ ಕೊಟ್ಟಿತ್ತು, ಅದರ ಸಂಖ್ಯೆ 1045. ನಮ್ಮ ತಂಡದಲ್ಲಿ ಯಾರೋ ಅದನ್ನು ಸುಮ್ನೆ ಬಂದ್ ಮಾಡಿದ್ದರು. ಇದು ನನಗೆ ಜಾಸ್ತಿ ಬೇಸರ ತಂದಿತು.

ಮರುದಿನ ಕ್ಲಾಸ್ ತೆಗೆದು, ಭಾಷೆಯಲ್ಲೇ ಇರುವ ಬಗೆಗಳನ್ನು ಬಳಸಿದೆ: ಅಸಲು, ದರಕ್ಕೆ ಡೆಸಿಮಲ್ (ದಶಮಾಂಶ ಸಂಖ್ಯೆ), ಎರಡು ದಿನಾಂಕಕ್ಕೆ ಡೇಟ್‌ಟೈಮ್ ಕೊಟ್ಟೆ. ಇವು ಟೆಸ್ಟ್‌ನ ತಲೆಯ ಮೇಲೇ ಡೇಟಾ ಬರೆಯುವ ಇನ್‌ಲೈನ್‌ಡೇಟಾದಲ್ಲಿ ಹಿಡಿಸುವುದಿಲ್ಲ, ಬೇರೆಡೆ ಬರೆದಿಟ್ಟ ಪಟ್ಟಿಯಿಂದ ಡೇಟಾ ತರುವ ಮೆಂಬರ್‌ಡೇಟಾ ಬೇಕು. ಪಟ್ಟಿಯಲ್ಲಿ 24 ಹೆಸರು ಬಂದವು, ಒಂದು ಮಾತ್ರ ಕೆಂಪು, ಅಂದರೆ ಫೇಲ್: ₹50,000, ಶೇ 12, 2024ರ ಜನವರಿ 31ರಿಂದ ಮಾರ್ಚ್ 1. ನಮ್ಮ ಕೋಡ್ ಫೆಬ್ರವರಿಗೆ ಯಾವಾಗಲೂ 28 ದಿನ ಎಂದುಕೊಂಡಿತ್ತು. ಒಂದು ದಿನದ ಬಡ್ಡಿ, 16 ರೂಪಾಯಿ 44 ಪೈಸೆ, ತಪ್ಪಿತ್ತು. ಒಂದು ಸಂಘದಲ್ಲಿ ಇಂಥ ಸಾಲಗಳು ಎಷ್ಟಿರುತ್ತವೆ, ಯೋಚಿಸಿ.

ನಮ್ಮಲ್ಲಿಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಜಾಣರು. ಕೋಡ್ ಚೆನ್ನಾಗಿ ಬರೆಯುತ್ತಾರೆ. ಟೆಸ್ಟ್‌ಗೆ ಯಾವ ಬಗೆಯ ಡೇಟಾ ಕೊಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ವಾರಕ್ಕೊಂದು ಸಣ್ಣ ಅಂಕಣ ಸಾಕು, ಕನ್ನಡದಲ್ಲೇ ಇರಲಿ. ಉದಾಹರಣೆಗಳು ಬೇಕಾದರೆ ನಾನೇ ಬರೆದು ಕಳಿಸುತ್ತೇನೆ.

ಇಂತಿ,
ಸಾಫ್ಟ್‌ವೇರ್ ಉದ್ಯೋಗಿ, ಹುಬ್ಬಳ್ಳಿ