ಖಾತೆಯ ಎಚ್ಚರಿಕೆ ಬಂದಾಗ: ಬೀದರಿನಲ್ಲಿರುವ ಮಗಳಿಗೆ

ಕಲಬುರಗಿ

ಚಿ. ಭಾಗ್ಯಶ್ರೀಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಜಿಮೇಲ್ ಖಾತೆಯನ್ನು ಬೇರೆ ಯಾರೋ ತೆರೆದಿರಬಹುದೆಂಬ ಎಚ್ಚರಿಕೆ ಬಂದರೂ ನೀನು ಅದನ್ನು ಅಳಿಸಿ ಸುಮ್ಮನಾದೆಯೆಂದು ನಿಮ್ಮಪ್ಪ ಫೋನಿನಲ್ಲಿ ತಿಳಿಸಿದ. ಅಂಕಪಟ್ಟಿ, 371(ಜೆ) ಪ್ರಮಾಣಪತ್ರ, ನೇಮಕಾತಿ ಅರ್ಜಿಗಳ ನೋಂದಣಿ ಸಂಖ್ಯೆ ಎಲ್ಲವೂ ಆ ಒಂದೇ ಖಾತೆಯಲ್ಲಿವೆ. ಉಳಿದ ಕಡೆ ಪಾಸ್‌ವರ್ಡ್ ಮರೆತರೆ ಹೊಸದನ್ನು ಪಡೆಯುವ ಲಿಂಕ್ ಬರುವುದೂ ಅಲ್ಲಿಗೇ. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕಬೇಡ ತಾಯಿ.

ಎಚ್ಚರಿಕೆಯನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳುವುದು ಬೇರೆ, ಅದರೊಳಗಿನ ಲಿಂಕ್ ಒತ್ತುವುದು ಬೇರೆ. ಗೂಗಲ್ ಹೆಸರಿನಲ್ಲೇ ನಕಲಿ ಎಚ್ಚರಿಕೆ ಕಳುಹಿಸಿ, ತಮ್ಮ ಪುಟದಲ್ಲಿ ಪಾಸ್‌ವರ್ಡ್ ಬರೆಸಿಕೊಳ್ಳುವ ಮೋಸಗಾರರಿದ್ದಾರೆ. ಕಳುಹಿಸಿದ ವಿಳಾಸ ಸರಿಯಾಗಿ ಕಂಡ ಮಾತ್ರಕ್ಕೆ ಅದು ಅಸಲಿಯೆನ್ನಲಾಗದು. ಆದ್ದರಿಂದ ಮೇಲನ್ನು ಹಾಗೇ ಬಿಟ್ಟು, ಫೋನಿನ ಸೆಟ್ಟಿಂಗ್ಸ್ ಮೂಲಕ ನೀನೇ ಗೂಗಲ್ ಖಾತೆಯನ್ನು ತೆರೆದು ಸೆಕ್ಯುರಿಟಿ ವಿಭಾಗಕ್ಕೆ ಹೋಗು. ಕಳೆದ 28 ದಿನಗಳ ಭದ್ರತೆಯ ವಿವರಗಳೂ, ಖಾತೆ ತೆರೆದಿರುವ ಸಾಧನಗಳ ಪಟ್ಟಿಯೂ ಅಲ್ಲಿ ಸಿಗುತ್ತವೆ.

ಪಟ್ಟಿಯಲ್ಲಿ ಊರಿನ ಹೆಸರು ನೋಡಿದೊಡನೆ ಗಾಬರಿಯಾಗಬೇಡ. ಅದು ಐಪಿ ವಿಳಾಸದಿಂದ, ಅಂದರೆ ಇಂಟರ್‌ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆಯಿಂದ, ಅಂದಾಜು ಮಾಡಿದ ಊರಾದ್ದರಿಂದ, ನೀನು ಬೀದರಿನಲ್ಲೇ ಕುಳಿತು ಮೊಬೈಲ್ ಇಂಟರ್‌ನೆಟ್ ಬಳಸಿದ್ದರೂ ಹೈದರಾಬಾದ್ ಎಂದೋ ಬೆಂಗಳೂರು ಎಂದೋ ತೋರಿಸಬಹುದು. ಊರಿಗಿಂತ ಸಾಧನವನ್ನೂ ವೇಳೆಯನ್ನೂ ನೋಡು. ನಿನ್ನ ಬಳಿ ಇರುವುದು ಆಂಡ್ರಾಯ್ಡ್ ಫೋನ್ ಮಾತ್ರ; ಅಲ್ಲಿ ವಿಂಡೋಸ್ ಎಂದು ಕಂಡರೆ, ಅರ್ಜಿ ತುಂಬಲು ಹೋಗಿದ್ದ ಆನ್‌ಲೈನ್ ಸೆಂಟರನ್ನು ನೆನಪಿಸಿಕೋ. ನಮ್ಮ ಕಡೆ ಕೊನೆಯ ದಿನ ಸಾಲಿನಲ್ಲಿ ನಿಂತು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು, ಲಾಗೌಟ್ ಆಗಿದೆಯೋ ಇಲ್ಲವೋ ನೋಡದೆ ಬಸ್ಸು ಹಿಡಿಯುವ ಮಕ್ಕಳು ಎಷ್ಟೋ ಮಂದಿ. ಅಂಗಡಿಯವನನ್ನು ನಾನು ದೂರುವುದಿಲ್ಲ. ನಿನ್ನ ನಂತರ ಆ ಕುರ್ಚಿಯಲ್ಲಿ ಕುಳಿತವರು ಏನು ಮಾಡಿದರೆಂದು ಅವನಿಗೂ ತಿಳಿದಿರಲಿಕ್ಕಿಲ್ಲ.

ಗುರುತಿಲ್ಲದ ಸಾಧನವನ್ನು ಸೈನ್ ಔಟ್ ಮಾಡಿ, ನಿನ್ನ ಫೋನಿನಿಂದಲೇ ಪಾಸ್‌ವರ್ಡ್ ಬದಲಿಸು. ಅದೇ ಪಾಸ್‌ವರ್ಡ್ ಬೇರೆಲ್ಲಿಯಾದರೂ ಇದ್ದರೆ ಅಲ್ಲಿಯೂ ಬದಲಿಸು. ಬಹಳ ಜನ ಇಷ್ಟಕ್ಕೇ ಕೈ ತೊಳೆದುಕೊಳ್ಳುತ್ತಾರೆ, ನನಗೆ ಹೆಚ್ಚು ಆತಂಕವಿರುವುದು ಅಲ್ಲಿಯೇ. ಒಳಹೊಕ್ಕವನು ರಿಕವರಿಗೆ, ಅಂದರೆ ಖಾತೆಯನ್ನು ಮರಳಿ ಪಡೆಯುವುದಕ್ಕೆ, ತನ್ನ ಮೊಬೈಲ್ ಸಂಖ್ಯೆಯನ್ನು ಸೇರಿಸಿದ್ದರೆ, ನಾಳೆ ಹೊಸ ಪಾಸ್‌ವರ್ಡನ್ನೂ ಅವನು ಬದಲಿಸಲು ಯತ್ನಿಸಬಹುದು. ಫಾರ್ವರ್ಡಿಂಗ್ ಇಟ್ಟಿದ್ದರೆ ನಿನಗೆ ಬರುವ ಮೇಲ್‌ಗಳ ಪ್ರತಿ ಅವನಿಗೂ ಹೋಗುತ್ತಲೇ ಇರುತ್ತದೆ. ಫಿಲ್ಟರ್ ಹಾಕಿದ್ದರೆ ಬ್ಯಾಂಕಿನ ಮೇಲ್ ನಿನ್ನ ಕಣ್ಣಿಗೆ ಬೀಳದೆ ನೇರವಾಗಿ ಟ್ರ್ಯಾಶ್ ಸೇರಬಹುದು. ಫಾರ್ವರ್ಡಿಂಗ್, ಫಿಲ್ಟರ್ ಇವೆರಡನ್ನೂ ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದೇ ಪರಿಶೀಲಿಸಬೇಕಾಗುತ್ತದೆ. ಅದಕ್ಕಾಗಿ ಮತ್ತೆ ಸೆಂಟರಿಗೆ ಹೋಗಬೇಡ, ಅಕ್ಕನ ಲ್ಯಾಪ್‌ಟಾಪ್ ತೆಗೆದುಕೋ.

ಇದಾದ ಮೇಲೆ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ದೃಢೀಕರಣವನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡು. ಫೋನ್ ಕೈಯಲ್ಲಿಲ್ಲದಾಗ ಬಳಸಲು ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಅಂಕಪಟ್ಟಿಗಳ ಜೊತೆ ಇಡು. ಒಂದೊಂದು ಕೋಡ್ ಒಂದೇ ಸಲ ನಡೆಯುತ್ತದೆ. ನೀನು ಲಾಗಿನ್ ಮಾಡದಿರುವಾಗ ‘ನೀವೇನಾ?’ ಎಂಬ ಪ್ರಶ್ನೆ ಫೋನಿನಲ್ಲಿ ಬಂದರೆ, ಎಷ್ಟು ಸಲ ಬಂದರೂ ‘ಅಲ್ಲ’ ಎಂದೇ ಒತ್ತು. ಗೂಗಲ್‌ನವರೆಂದು ಹೇಳಿ ಯಾರೇ ಓಟಿಪಿ ಕೇಳಿದರೂ ಕೊಡಬೇಡ.

ಹಣವೇನಾದರೂ ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಬೇರೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸವಿರುವ ಅಪರಾಧ. ದೂರು ಕೊಡಲು ಸಂಕೋಚಪಡಬೇಕಾದದ್ದು ಏನೂ ಇಲ್ಲ. ಗುರುತಿಲ್ಲದ ಸಾಧನವನ್ನು ತೆಗೆಯುವ ಮೊದಲು ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೋ, ಠಾಣೆಯಲ್ಲಿ ಕೇಳಿದರೆ ಬೇಕಾಗುತ್ತದೆ. ಭಾನುವಾರ ಲ್ಯಾಪ್‌ಟಾಪ್ ಮುಂದೆ ಕುಳಿತು ನನಗೆ ಫೋನ್ ಮಾಡು, ಫಾರ್ವರ್ಡಿಂಗ್ ಪುಟವನ್ನು ಇಬ್ಬರೂ ಕೂಡಿ ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ