ಕನ್ನಡ ಕೀಲಿಮಣೆಯಲ್ಲಿ ಸಮೀಕರಣದ ಶಾರ್ಟ್‌ಕಟ್‌ಗಳು ಸಾಯುತ್ತಿವೆ

ಗೆ,
ಗ್ರಾಹಕ ಸೇವಾ ವಿಭಾಗ

ಇಂದ,
ಡಿಟಿಪಿ ಕೇಂದ್ರ, ಸಪ್ತಾಪುರ, ಧಾರವಾಡ

ವಿಷಯ: ಸಮೀಕರಣ ಎಡಿಟರ್‌ನಲ್ಲಿ ನಾವೇ ಹೊಂದಿಸಿದ ಶಾರ್ಟ್‌ಕಟ್‌ಗಳ ದೋಷ

ಮಾನ್ಯರೇ,

ಪಿಯು ಗಣಿತದ ಪ್ರಶ್ನೆಪತ್ರಿಕೆ ಟೈಪಿಸಲು ನಿಮ್ಮ ಸಮೀಕರಣ ಎಡಿಟರ್ ತಂತ್ರಾಂಶವನ್ನು ನಾಲ್ಕು ಗಣಕಗಳಲ್ಲಿ ಹಾಕಿಸಿದ್ದೇವೆ. ಹೊಸ ಆವೃತ್ತಿ ಬಂದ ಮೇಲೆ ಕೆಲಸ ಕೆಟ್ಟಿದೆ.

ದೋಷ ಹೀಗೆ ಕಾಣುತ್ತದೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಭಿನ್ನರಾಶಿಗೆ ಕಂಟ್ರೋಲ್+ಎಫ್ ಕೊಟ್ಟು ಉಳಿಸಿ. ವಿಂಡೋಸ್+ಸ್ಪೇಸ್ ಒತ್ತಿ ಕನ್ನಡ ಇನ್‌ಸ್ಕ್ರಿಪ್ಟ್‌ಗೆ (ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿವಿನ್ಯಾಸ) ಬದಲಿಸಿ, ಅದೇ ಕೀಲಿ ಒತ್ತಿ. ಏನೂ ಬರುವುದಿಲ್ಲ. ಈಗ ಶಾರ್ಟ್‌ಕಟ್ ಹೊಂದಿಸುವ ಪೆಟ್ಟಿಗೆ ತೆರೆದು ಮತ್ತೆ ಒತ್ತಿದರೆ ಅಲ್ಲಿ 'ಎಫ್' ಬದಲು ಚುಕ್ಕಿಗಳ ವೃತ್ತಕ್ಕೆ ಅಂಟಿದ ಒಂದು ಗುಡಿಸು ('ಇ' ಸ್ವರದ ಚಿಹ್ನೆ) ಕಾಣುತ್ತದೆ. ಕಾರಣ ಸ್ಪಷ್ಟ: ಇನ್‌ಸ್ಕ್ರಿಪ್ಟ್‌ನಲ್ಲಿ ಎಫ್ ಕೀಲಿಯಲ್ಲಿರುವುದು ಗುಡಿಸು, ಆರ್ ಕೀಲಿಯಲ್ಲಿರುವುದು ಅದರ ದೀರ್ಘ. ನಿಮ್ಮ ತಂತ್ರಾಂಶ ಕೀಲಿಯನ್ನಲ್ಲ, ಅದು ಮೂಡಿಸುವ ಅಕ್ಷರವನ್ನು ನೋಡುತ್ತಿದೆ. ವಿಂಡೋಸ್ ಪ್ರತಿ ಕೀಲಿಗೂ ಒಂದು ಕೋಡ್ ಕೊಡುತ್ತದೆ. ಎಫ್‌ನದು 70, ಕನ್ನಡಕ್ಕೆ ಬದಲಿಸಿದರೂ 70. ಅದನ್ನೇ ಓದಿದರೆ ಸಾಕಿತ್ತು. ಈಗ ಕನ್ನಡ ಸಾಲಿನ ನಡುವೆ ಮೂರು ಭಿನ್ನರಾಶಿ ಬಂದರೆ ಆರು ಸಲ ಭಾಷೆ ಬದಲಿಸಬೇಕು.

ಎರಡನೆಯದು ರೂಪಾಯಿ ಚಿಹ್ನೆ. ನಿರ್ಧಾರಕಕ್ಕೆ (ಡಿಟರ್ಮಿನೆಂಟ್) ಕಂಟ್ರೋಲ್+ಆಲ್ಟ್+4 ಕೊಟ್ಟಾಗ ತಂತ್ರಾಂಶ ತಕರಾರಿಲ್ಲದೆ ಒಪ್ಪಿಕೊಂಡಿತು. ಆದರೆ ವಿಂಡೋಸ್‌ಗೆ ಕಂಟ್ರೋಲ್+ಆಲ್ಟ್ ಎಂದರೆ ಬಲಗಡೆಯ ಆಲ್ಟ್‌ಜಿಆರ್ ಕೀಲಿ ಇದ್ದ ಹಾಗೆ. ಇಂಗ್ಲಿಷ್ (ಇಂಡಿಯಾ) ಕೀಲಿಮಣೆಯಲ್ಲಿ ಅದರ ಜೊತೆ 4 ಒತ್ತಿದರೆ ₹ ಬರಬೇಕು. ಲಾಭ ಗರಿಷ್ಠಗೊಳಿಸುವ ಏಕಘಾತ ಯೋಜನೆಯ (ಲೀನಿಯರ್ ಪ್ರೋಗ್ರಾಮಿಂಗ್) ಲೆಕ್ಕದಲ್ಲಿ ₹ ಹಾಕಲು ಹೋದರೆ ನಿರ್ಧಾರಕದ ಎರಡು ಗೆರೆ ಬಂದು ಕೂರುತ್ತವೆ. 'ಈ ಕೀಲಿ ಬಳಕೆಯಲ್ಲಿದೆ' ಎಂಬ ಒಂದು ಸಾಲಿನ ಎಚ್ಚರಿಕೆಯೂ ಇಲ್ಲ.

ಮೂರನೆಯದು, ಅಪ್‌ಡೇಟ್ ಆದಾಗ ಹೊಂದಿಸಿದ್ದೆಲ್ಲ ಅಳಿಯುತ್ತದೆ. ವರ್ಡ್ ತನ್ನ ಶಾರ್ಟ್‌ಕಟ್‌ಗಳನ್ನು ನಾರ್ಮಲ್ ಟೆಂಪ್ಲೇಟ್ ಕಡತದಲ್ಲಿ ಇಡುತ್ತದೆ, ಪೆನ್‌ಡ್ರೈವ್‌ನಲ್ಲಿ ಒಯ್ದು ಇನ್ನೊಂದು ಗಣಕಕ್ಕೆ ಹಾಕಬಹುದು. ನಿಮ್ಮಲ್ಲಿ ರಫ್ತು ಮಾಡುವ ಬಟನ್ನೇ ಇಲ್ಲ. 38 ಶಾರ್ಟ್‌ಕಟ್‌ಗಳನ್ನು ನಾಲ್ಕು ಕಡೆ ಕೈಯಿಂದ ತುಂಬಬೇಕು. ಮೇಲಿನ ಎರಡನ್ನು ಸಹಿಸಬಹುದೇನೋ, ಇದನ್ನಲ್ಲ.

ಆದ್ದರಿಂದ ಕೀ-ಕೋಡ್ ಆಧರಿಸಿದ ತಿದ್ದುಪಡಿ ಯಾವಾಗ ಬರುತ್ತದೆ ಎಂದು 15 ದಿನಗಳೊಳಗೆ ಲಿಖಿತವಾಗಿ ತಿಳಿಸಿ. ಅಲ್ಲಿಯವರೆಗೆ ಹಳೆಯ ಆವೃತ್ತಿಯ ಇನ್‌ಸ್ಟಾಲರ್ ಕಳಿಸಿಕೊಡಿ. ನಾಲ್ಕೂ ಲೈಸೆನ್ಸ್‌ಗಳು ಅದಕ್ಕೆ ಹೊಂದುವಂತಿರಲಿ. ಕನ್ನಡದ ಗುಡಿಸು ಕಾಣುವ ಪೆಟ್ಟಿಗೆಯ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇವೆ.

ಇಂತಿ,
ಡಿಟಿಪಿ ಕೇಂದ್ರದ ಪರವಾಗಿ